ಮಾವನ ಕೈಯಲ್ಲಿದ್ದ ಬ್ರೇಕು

ನಮ್ಮ ಮನೆಯ ಪಿಕಪ್ಪಿಗೆ ಬ್ರೇಕೇ ಇರಲಿಲ್ಲ ಎಂದು ಊರಲ್ಲಿ ಹೇಳಿಕೊಂಡು ತಿರುಗುವವರು ಇವತ್ತಿಗೂ ಇದ್ದಾರೆ. ಶುದ್ಧ ಸುಳ್ಳು. ಬ್ರೇಕ್ ಇತ್ತು. ಪೂರ್ತಿ ಗಾಡಿಯೊಳಗೇ ಇರಲಿಲ್ಲ, ಅಷ್ಟೆ. ಸ್ವಲ್ಪ ಗೇರಿನಲ್ಲಿತ್ತು, ಸ್ವಲ್ಪ ಹಾರನ್ನಿನಲ್ಲಿತ್ತು, ಒಂದು ಪಾಲು ಸೋದರಮಾವನ ಕೈಯಲ್ಲಿತ್ತು, ಮಿಕ್ಕಿದ್ದು ಆಗುಂಬೆ ಘಾಟಿಯಲ್ಲಿ ಎದುರಿಗೆ ಬರುವ ಮಿನಿ ಬಸ್ಸಿನ ಡ್ರೈವರುಗಳ ಒಳ್ಳೆಯತನದಲ್ಲಿತ್ತು. ಇವೆಲ್ಲ ಕಳೆದು ಉಳಿದಷ್ಟು ಪೆಡಲಿಗೆ.

ಪಿಕಪ್ ಎಂದ ಕೂಡಲೇ ಈಗಿನವರ ಕಣ್ಣಿಗೆ ಬರುವುದು ಹಣೆಯ ಮೇಲೆ ದೇವರ ಹೆಸರು ಬರೆಸಿಕೊಂಡ ಬಿಳಿ ಗಾಡಿ. ನಮ್ಮದು ಹುಟ್ಟಿನಿಂದ ಪಿಕಪ್ ಅಲ್ಲ. ಮಹೀಂದ್ರದ ಉದ್ದ ಚಾಸಿಯ ಹಳೇ ಜೀಪು. ಯಾವುದೋ ಇಲಾಖೆಯ ಹರಾಜಿನಲ್ಲಿ ಅಪ್ಪಯ್ಯ ಅದನ್ನು ಹಿಡಿದು ತಂದಾಗ ಹಿಂದೆ ಸಾಹೇಬರ ಸಿಬ್ಬಂದಿ ಕೂತು ಸವೆದ ಸೀಟುಗಳಿದ್ದವು. ಸೀಟು ಕಿತ್ತು, ಟಾಪು ಬಿಚ್ಚಿ, ತಗಡಿನ ತೊಟ್ಟಿ ಕೂರಿಸಿದ ಮೇಲೆ ಅದು ಪಿಕಪ್ ಆಯಿತು. ಗಾಡಿಯ ರೂಪ ಬದಲಿಸಬೇಕಾದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅನುಮತಿ ಕೇಳುತ್ತದೆ. ಅಪ್ಪಯ್ಯ ಕಾಯ್ದೆ ಕಾನೂನಿಗೆ ಹೆದರುವ ಜನ. ಅಲೆದಾಡಿ ಆರ್‌ಸಿ ಪುಸ್ತಕದಲ್ಲಿ ಬರೆಸಿಕೊಂಡೇ ಬಂದರು. ಜೀಪಿಗೆ ಕೊಟ್ಟಿದ್ದಕ್ಕಿಂತ ಆ ಓಡಾಟದ ಬಸ್ ಚಾರ್ಜೇ ಹೆಚ್ಚಾಯಿತು ಎಂದು ಅಮ್ಮ ಆಡಿಕೊಳ್ಳುತ್ತಿದ್ದಳು.

ಆ ಕಾಲದ ಜೀಪುಗಳಲ್ಲಿ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಮಾಸ್ಟರ್ ಸಿಲಿಂಡರ್ ಇರುವುದು ಡ್ರೈವರ್ ಕಾಲಿನ ಬುಡದಲ್ಲಿ, ನೆಲದ ತಗಡಿನ ಕೆಳಗೆ. ಆಯಿಲ್ ಎಷ್ಟಿದೆ ನೋಡಬೇಕಾದರೆ ಮ್ಯಾಟ್ ಎತ್ತಿ, ಮುಚ್ಚಳ ಬಿಚ್ಚಿ, ಬಗ್ಗಿ ಟಾರ್ಚ್ ಬಿಡಬೇಕು. ಅಷ್ಟೆಲ್ಲ ಯಾರು ಮಾಡುತ್ತಾರೆ? ಪೆಡಲ್ ಪಾತಾಳಕ್ಕೆ ಹೋದ ದಿನ ಆಯಿಲ್ ಮುಗಿದಿದೆ ಎಂದು ತಿಳಿದುಕೊಳ್ಳುವುದು ನಮ್ಮ ಪದ್ಧತಿ. ಸಾಲದ್ದಕ್ಕೆ ನಾಲ್ಕೂ ಚಕ್ರಕ್ಕೆ ಒಂದೇ ಲೈನು. ಯಾವುದೋ ಒಂದು ಚಕ್ರದ ಸಿಲಿಂಡರಿನೊಳಗಿನ ರಬ್ಬರ್ ಬಕೆಟ್ ಹರಿದರೂ ನಾಲ್ಕೂ ಚಕ್ರಗಳು ಒಟ್ಟಿಗೇ ಸನ್ಯಾಸ ತೆಗೆದುಕೊಳ್ಳುತ್ತಿದ್ದವು. ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಪ್ಯಾಸ್ಕಲ್ ಎಂಬ ಫ್ರೆಂಚ್ ಮಹಾನುಭಾವ ಹದಿನೇಳನೇ ಶತಮಾನದಲ್ಲೇ ಹೇಳಿಟ್ಟಿದ್ದಾನೆ. ಪಾತ್ರೆ ಮುಚ್ಚಿರಬೇಕು ಎಂಬ ಷರತ್ತು ಮಾತ್ರ ನಮ್ಮ ಜೀಪಿಗೆ ತಲುಪಿರಲಿಲ್ಲ.

ಇಷ್ಟೆಲ್ಲ ಬೇಸಿಗೆಯ ಕತೆ. ಮಳೆಗಾಲದ್ದು ಬೇರೆಯೇ ಅಧ್ಯಾಯ. ಆಗುಂಬೆಯ ಮಳೆಗೆ ಡ್ರಮ್ಮಿನೊಳಗೆ ನೀರು ಹೊಕ್ಕರೆ ಲೈನರ್ ನೆನೆದು ಜಾರುತ್ತದೆ. ಹಳ್ಳ ದಾಟಿದ ಮೇಲೆ ಎಡಗಾಲನ್ನು ಬ್ರೇಕಿನ ಮೇಲೆ ಹಗುರಾಗಿ ಊರಿಕೊಂಡು, ಬಲಗಾಲಲ್ಲಿ ಆಕ್ಸಿಲರೇಟರ್ ಕೊಡುತ್ತಾ, ಲೈನರ್ ಒಣಗಿಸಿಕೊಳ್ಳಬೇಕು. ಹಪ್ಪಳ ಒಣಗಲಿಕ್ಕೂ ಬಿಸಿಲು ಸಿಗದ ಊರಿನಲ್ಲಿ ನಾವು ಬ್ರೇಕ್ ಒಣಗಿಸಿಕೊಂಡು ಓಡಾಡಿದವರು.

ಘಾಟಿ ಇಳಿಯುವಾಗಿನದು ಕಾವಿನ ಕಾಟ. ಬ್ರೇಕ್ ಎನ್ನುವುದು ಓಟವನ್ನು ಶಾಖ ಮಾಡುವ ಯಂತ್ರ, ಬೇರೇನಲ್ಲ. ನಾನು ಒಮ್ಮೆ ಕೂತು ಲೆಕ್ಕ ಹಾಕಿದ್ದೆ. ಸಾಮಾನು ಸೇರಿ 2 ಟನ್ ತೂಗುವ ಗಾಡಿ 500 ಮೀಟರ್ ಕೆಳಕ್ಕೆ ಇಳಿಯಿತು ಎನ್ನಿ. ಅಷ್ಟನ್ನೂ ಬ್ರೇಕಿನಲ್ಲೇ ತಡೆದರೆ ಹುಟ್ಟುವ ಶಾಖದಲ್ಲಿ 30 ಲೀಟರ್ ತಣ್ಣೀರು ಕುದಿ ಬರುತ್ತದೆ. ಬಚ್ಚಲ ಹಂಡೆಯೊಂದನ್ನು ಚಕ್ರಗಳ ನಡುವೆ ಹಂಚಿ ಕಾಯಿಸಿದ ಹಾಗೆ. ಕಾದ ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಲೈನರಿನ ಹಿಡಿತವೂ ಸಡಿಲುತ್ತದೆ. ಪೆಡಲ್ ಒತ್ತಿದಷ್ಟೂ ಒಳಗೆ ಹೋಗುತ್ತದೆ. ಬ್ರೇಕ್ ಆಯಿಲ್ ಎಂಬುದು ಗಾಳಿಯ ತೇವವನ್ನು ಹೀರಿಕೊಳ್ಳುವ ಜಾತಿ. ಡಾಟ್ 3 ಎಂಬ ಸಾಮಾನ್ಯ ದರ್ಜೆಯ ಆಯಿಲ್ ಹೊಸದರಲ್ಲಿ 205 ಡಿಗ್ರಿ ತನಕ ಕುದಿಯಬಾರದು ಎಂದು ಕಟ್ಟಳೆ. ನೀರು ಕುಡಿದ ಮೇಲೆ 140 ದಾಟಿದರೂ ಸಾಕು ಎಂದು ಕಟ್ಟಳೆಯೇ ರಿಯಾಯಿತಿ ಕೊಟ್ಟಿದೆ. ನಮ್ಮ ಊರಿನ ಗಾಳಿಯಲ್ಲಿ ಅದು ಎಷ್ಟು ನೀರು ಕುಡಿಯುತ್ತಿತ್ತೋ ದೇವರೇ ಬಲ್ಲ.

ಆದ್ದರಿಂದ ಅಪ್ಪಯ್ಯ ಪೆಡಲನ್ನು ನಂಬಿದವರಲ್ಲ. ‘ಹತ್ತುವ ಗೇರು ಯಾವುದೋ ಇಳಿಯುವ ಗೇರೂ ಅದೇ’ ಎಂಬುದು ಅವರ ವೇದ. ಘಾಟಿಯ ಬಾಯಲ್ಲೇ ಎರಡನೇ ಗೇರಿಗೆ ಹಾಕಿದರೆ ಸೋಮೇಶ್ವರ ಬರುವವರೆಗೆ ಬದಲಿಸುವುದಿಲ್ಲ. ಇಂಜಿನ್ನು ‘ಊಂ’ ಎಂದು ಒಂದೇ ಶ್ರುತಿಯಲ್ಲಿ ನರಳುತ್ತಾ ಗಾಡಿಯನ್ನು ಹಿಂದಕ್ಕೆ ಜಗ್ಗಿ ಹಿಡಿದಿರುತ್ತಿತ್ತು. ಹದಿನಾಲ್ಕು ತಿರುವುಗಳಲ್ಲಿ ಯಾವುದರಲ್ಲಿ ಮಣ್ಣು ಜಾರಿರುತ್ತದೆ, ಯಾವುದರಲ್ಲಿ ಮಂಗಗಳು ಕೂತಿರುತ್ತವೆ, ಎಲ್ಲಿಂದ ಕೆಳಗಿನ ರಸ್ತೆಯ ಬಸ್ಸು ಮರದ ಸಂದಿಯಲ್ಲಿ ಕಾಣುತ್ತದೆ ಎಲ್ಲ ಅವರಿಗೆ ಬಾಯಿಪಾಠ. ಬ್ರೇಕ್ ಒಳ್ಳೆಯದಿದ್ದವರಿಗೆ ಕಣ್ಣು ಇಷ್ಟು ಚುರುಕಾಗುವುದಿಲ್ಲ ಎಂದೇ ನನ್ನ ಅನುಮಾನ. ನಾನು ಹತ್ತು ಮಾರು ದೂರದಲ್ಲಿ ಕಾಣುವ ದನವನ್ನು ಅಪ್ಪಯ್ಯ ಅದು ಕೊಟ್ಟಿಗೆಯಿಂದ ಹೊರಟಾಗಲೇ ಕಾಣುತ್ತಿದ್ದರು.

ಇನ್ನು ಮಾವ. ಅಮ್ಮನ ತಮ್ಮ. ಮದುವೆ ಮಾಡಿಕೊಳ್ಳದೆ ನಮ್ಮನೆಯಲ್ಲೇ ಉಳಿದವನು. ಅವನ ಹುದ್ದೆ ತಿಳಿಯಬೇಕಾದರೆ ಹ್ಯಾಂಡ್ ಬ್ರೇಕಿನ ವಿಷಯ ತಿಳಿಯಬೇಕು. ಈಗಿನ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರಗಳನ್ನು ಹಿಡಿಯುತ್ತದೆ. ನಮ್ಮ ಜೀಪಿನಲ್ಲಿ ಹಾಗಲ್ಲ. ಗೇರುಪೆಟ್ಟಿಗೆಯ ಹಿಂದುಗಡೆ, ಹಿಂಬದಿ ಚಕ್ರಕ್ಕೆ ಹೋಗುವ ಶಾಫ್ಟಿನ ಬುಡದಲ್ಲಿ ಒಂದು ಪುಟ್ಟ ಡ್ರಮ್, ಅದನ್ನು ಹಿಡಿಯುವುದು ಹ್ಯಾಂಡ್ ಬ್ರೇಕು. ವ್ಯವಸ್ಥೆ ಸರಿಯಾಗಿಯೇ ಇದೆ. ಆದರೆ ಪೆಟ್ಟಿಗೆಯ ಸೀಲು ಸವೆದರೆ ಒಳಗಿನ ಆಯಿಲ್ ನೇರ ಆ ಡ್ರಮ್ಮಿಗೇ ಜಿನುಗುತ್ತದೆ. ಎಣ್ಣೆ ಸ್ನಾನ ಮಾಡಿಸಿಕೊಂಡ ಬ್ರೇಕು ಯಾರನ್ನು ಹಿಡಿದೀತು? ಹಾಗಾಗಿ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿದ ತಕ್ಷಣ ಒಬ್ಬರು ಇಳಿದು ಚಕ್ರಕ್ಕೆ ಅಡ್ಡ ಕೊಡಲೇಬೇಕು. ಆ ಒಬ್ಬರು ಮಾವ.

ಮಾವನ ಹತ್ತಿರ ಮತ್ತಿ ಮರದ ಒಂದು ತುಂಡಿತ್ತು. ಮೂರು ಮೂಲೆ ಬರುವಂತೆ ಅವನೇ ಕೆತ್ತಿದ್ದು. ಒಂದು ಮೈ ಚಕ್ರದ ದುಂಡಿಗೆ ಸರಿಯಾಗಿ ಕೂರುವಂತೆ ಸ್ವಲ್ಪ ತಗ್ಗು. ಹಿಂದೆ ತೂತು ಕೊರೆದು ಒಂದು ಮಾರುದ್ದದ ಹಗ್ಗ. ಹಗ್ಗ ಯಾಕೆಂದರೆ ಗಾಡಿ ಮುಂದೆ ಹೊರಟಾಗ ಬಗ್ಗಿ ಹೆಕ್ಕಲು ಸಮಯವಿರುವುದಿಲ್ಲ. ಹಗ್ಗ ಜಗ್ಗಿ, ತುಂಡನ್ನು ಎಳೆದುಕೊಂಡೇ ಓಡಿಬಂದು ತೊಟ್ಟಿಗೆ ಹಾರಬೇಕು. ಅಡಿಕೆ ಮರದಿಂದ ಮರಕ್ಕೆ ಹಾರಿದ ಮೈ, ಮಾವನಿಗೆ ಇದೇನು ದೊಡ್ಡದಲ್ಲ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಅವನು ನೆಲದ ಮೇಲಿರುತ್ತಿದ್ದ. ‘ಭಾವಾ, ಕೊಟ್ಯಾ?’ ಎಂದು ಅಪ್ಪಯ್ಯ ಮುಂದಿನಿಂದ ಕೂಗುವುದು, ‘ಕೊಟ್ಟೆ ಭಾವಾ, ಬಿಡು ಕಾಲು’ ಎಂದು ಮಾವ ಹಿಂದಿನಿಂದ ಕೂಗುವುದು. ಇಬ್ಬರೂ ಬೇರೆ ವಿಷಯಕ್ಕೆ ಮಾತಾಡಿದ್ದನ್ನು ನಾನು ಕಂಡಿದ್ದು ಕಡಿಮೆ. ಪಾಲು ಪಂಚಾಯಿತಿಯ ಯಾವುದೋ ಹಳೇ ಮುನಿಸು ಅವರ ನಡುವೆ ಇತ್ತು. ಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಬೇರೆ ಬೇರೆ ಗೋಡೆ ನೋಡುತ್ತಾ ಉಣ್ಣುತ್ತಿದ್ದವರು, ಘಾಟಿಯಲ್ಲಿ ಮಾತ್ರ ಒಬ್ಬರ ಪ್ರಾಣ ಒಬ್ಬರ ಕೈಯಲ್ಲಿಟ್ಟುಕೊಂಡು ಬಾಳೆಗೊನೆ ಸಾಗಿಸಿದರು. ಬರುವಾಗ ಹಂಚು ತಂದರು.

ಬಸ್ ಡ್ರೈವರುಗಳ ಪಾತ್ರ ಇನ್ನೂ ಸೂಕ್ಷ್ಮವಾದದ್ದು. ಕಿರಿದಾದ ಘಾಟಿ ರಸ್ತೆಯಲ್ಲಿ ಇಳಿಯುವ ಗಾಡಿ ನಿಂತು, ಹತ್ತುವ ಗಾಡಿಗೆ ದಾರಿ ಬಿಡಬೇಕು ಎಂದು ನಿಯಮ. ನಿಲ್ಲಬೇಕು ಎಂದಿದೆಯಲ್ಲ, ಅಲ್ಲೇ ನಮಗೆ ತೊಡಕು. ಅಪ್ಪಯ್ಯ ತಿರುವಿಗೆ ಮೊದಲು ಉದ್ದಕ್ಕೆ ಒಂದು, ಗಿಡ್ಡಕ್ಕೆ ಎರಡು ಹಾರನ್ ಹೊಡೆಯುತ್ತಿದ್ದರು. ಕೆಳಗಿನಿಂದ ಬರುವ ಬಸ್ಸಿನವನು ಅದನ್ನು ಕೇಳಿದ್ದೇ ಗಾಡಿಯನ್ನು ದರೆಗೆ ಒತ್ತಿ ನಿಲ್ಲಿಸಿ, ಕಿಟಕಿಯಿಂದ ಕೈ ಹೊರಗೆ ಹಾಕಿ ‘ಬನ್ನಿ ಭಟ್ರೇ, ಬನ್ನಿ’ ಎಂದು ಆಶೀರ್ವಾದ ಮಾಡುವ ಹಾಗೆ ಬೀಸುತ್ತಿದ್ದ. ಕೆಲವರು ಕಂಡಕ್ಟರನನ್ನು ಇಳಿಸಿ ಹಿಂದಿನ ಕಾರುಗಳನ್ನೂ ತಡೆದು ನಿಲ್ಲಿಸಿದ್ದುಂಟು. ಕಾರಿನ ಪೇಟೆ ಜನ ಯಾರೋ ಮಂತ್ರಿಗಳು ಬರುತ್ತಿರಬೇಕು ಎಂದು ಇಣುಕಿ ನೋಡುವಷ್ಟರಲ್ಲಿ ಬಾಳೆಗೊನೆ ಹೊತ್ತ ನಮ್ಮ ಸವಾರಿ ‘ಊಂ’ ಎನ್ನುತ್ತಾ ಇಳಿದುಹೋಗುತ್ತಿತ್ತು.

ಅಪ್ಪಯ್ಯ ಹೋದ ಮೇಲೆ ಸ್ಟೀರಿಂಗು ನನ್ನ ಕೈಗೆ ಬಂತು. ನನಗೆ ದನವೂ ಬಸ್ಸೂ ಎದುರಿಗೆ ಬಂದ ಮೇಲೆಯೇ ಕಾಣುವುದು. ನನ್ನ ಹೆಂಡತಿ ಹಳ್ಳದ ಆಚೆ ಒಮ್ಮೆ ಗಾಡಿಯಿಂದಿಳಿದು, ಸೆರಗು ಸರಿಮಾಡಿಕೊಂಡು, ‘ಇದಕ್ಕೆ ಸರಿಯಾದ ಬ್ರೇಕ್ ಹಾಕಿಸಿ. ಇಲ್ಲ, ನಾನು ತವರಿಗೆ ಬಸ್ಸಲ್ಲೇ ಹೋಗ್ತೇನೆ, ಬಸ್ಸಲ್ಲೇ ಬರ್ತೇನೆ’ ಎಂದಳು. ಬರುತ್ತೇನೆ ಎಂದೂ ಸೇರಿಸಿದ್ದು ಅವಳ ದೊಡ್ಡ ಗುಣ.

ಪೇಟೆಯ ಮೇಸ್ತ್ರಿಗೆ ಹೇಳಿದೆ. ಅವನು ಜೀಪಿನ ಕೆಳಗೆ ತೂರಿ ಹೊರಬಂದು, ಕೈ ಒರೆಸಿಕೊಳ್ಳುತ್ತಾ, ‘ಭಟ್ರೇ, ಲೈನರ್ ಹೊಡೆಸಿ ಹೊಡೆಸಿ ಸಾಕು. ಮುಂದೆ ಡಿಸ್ಕ್ ಹಾಕುವ, ಬೂಸ್ಟರ್ ಕೂರಿಸುವ. ಎರಡು ಲೈನ್ ಮಾಡುವ, ಒಂದು ಹೋದ್ರೂ ಒಂದು ಇರ್ತದೆ’ ಎಂದ. ‘ಹಿಂದೆ?’ ಎಂದೆ. ‘ಹಿಂದೆ ಡ್ರಮ್ಮೇ ಇರಲಿ. ಬ್ರೇಕ್ ಹೊಡೆದಾಗ ಭಾರ ಎಲ್ಲ ಮುಂದೆ ಬರ್ತದೆ. ಖಾಲಿ ಪಿಕಪ್ಪಿಗೆ ಹಿಂದೆ ಜೋರು ಹಿಡಿದ್ರೆ ಹಿಂಭಾಗವೇ ಮುಂದೆ ಬಂದು ನಿಮ್ಮ ಮುಖ ನೋಡ್ತದೆ.’

ಡಿಸ್ಕ್ ಬ್ರೇಕೇನೂ ಹೊಸದಲ್ಲ. ಇಂಗ್ಲೆಂಡಿನ ಲ್ಯಾಂಚೆಸ್ಟರ್ 1902ರಲ್ಲೇ ಅದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದ. ಆದರೆ ತಟ್ಟೆಗೆ ತಾಮ್ರ ಉಜ್ಜಿ ಬರುತ್ತಿದ್ದ ಕಿರುಚಾಟ ಕೇಳಲಾಗದೆ ಜನ ಅದನ್ನು ಬದಿಗಿಟ್ಟರು. 1953ರಲ್ಲಿ ಫ್ರಾನ್ಸಿನ ಲ ಮಾನ್ಸ್ ಎಂಬಲ್ಲಿ ನಡೆಯುವ ಇಪ್ಪತ್ನಾಲ್ಕು ಗಂಟೆಗಳ ಪಂದ್ಯವನ್ನು ಡಿಸ್ಕ್ ಹಾಕಿದ ಜಾಗ್ವಾರ್ ಕಾರು ಗೆದ್ದ ಮೇಲೆ ಎಲ್ಲರ ಕಣ್ಣು ತೆರೆಯಿತು. ತಟ್ಟೆ ಬಯಲಲ್ಲಿ ತಿರುಗುವುದರಿಂದ ಗಾಳಿಗೆ ಬೇಗ ಆರುತ್ತದೆ, ನೀರು ಬಿದ್ದರೆ ಕೊಡವಿಕೊಳ್ಳುತ್ತದೆ, ಕಾದು ಹಿಗ್ಗಿದರೂ ಎರಡೂ ಕಡೆಯಿಂದ ಕಚ್ಚಿರುವ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. ಆಗುಂಬೆಗೆಂದೇ ಯಾರೋ ಕೂತು ಯೋಚಿಸಿ ಮಾಡಿದಂತಿದೆ. ಬರಲು ತಡವಾಯಿತು ಅಷ್ಟೆ. ನಮ್ಮ ಕಡೆಗೆ ರೈಲೇ ಬಂದಿಲ್ಲ, ಡಿಸ್ಕಿಗೇನು ಅವಸರ?

ಬೊಲೆರೋದ ಹಬ್ಬು, ಡಿಸ್ಕು, ಕ್ಯಾಲಿಪರುಗಳನ್ನು ಮೇಸ್ತ್ರಿ ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ತರಿಸಿದ. ಪ್ಯಾಡು, ರಬ್ಬರು, ಹೋಸು ಮಾತ್ರ ಹೊಸದೇ ಆಗಬೇಕೆಂದು ಹಟ ಹಿಡಿದ. ಖರ್ಚು ಒಂದು ಕ್ವಿಂಟಲ್ ರಾಶಿ ಅಡಿಕೆಯೊಳಗೆ ಮುಗಿಯಿತು. ಮಾವ ಶೆಡ್ಡಿನ ಮೂಲೆಯಲ್ಲಿ ಟಯರಿನ ಮೇಲೆ ಕೂತು ಎಲೆಯಡಿಕೆ ಮೆಲ್ಲುತ್ತಾ ಎಲ್ಲವನ್ನೂ ಅನುಮಾನದಿಂದ ನೋಡುತ್ತಿದ್ದ. ಬೂಸ್ಟರ್ ಎಂಬ ಕರೀ ಡಬ್ಬ ಬಂದಾಗ ಅದನ್ನು ಎತ್ತಿ ಅಲ್ಲಾಡಿಸಿ, ‘ಇದರೊಳಗೆ ಎಂತ ಉಂಟು?’ ಎಂದ.

‘ಎಂತದೂ ಇಲ್ಲ ದೊಡ್ಡವ್ರೇ. ಗಾಳಿ ಸಹ ಇಲ್ಲ. ಗಾಳಿ ಇಲ್ಲದ್ದೇ ಕೆಲಸ ಮಾಡೋದು’ ಎಂದ ಮೇಸ್ತ್ರಿ.

ಮಾವ ನನ್ನ ಕಡೆ ತಿರುಗಿದ. ಖಾಲಿ ಡಬ್ಬಕ್ಕೆ ದುಡ್ಡು ಕೊಡುವವನನ್ನು ನೋಡುವ ನೋಟ ಅದು. ಆದರೆ ಮೇಸ್ತ್ರಿ ಹೇಳಿದ್ದು ಸತ್ಯ. ಡಬ್ಬದ ಒಂದು ಭಾಗದಿಂದ ಗಾಳಿ ಎಳೆದು ತೆಗೆದಿಟ್ಟರೆ, ಪೆಡಲ್ ಒತ್ತಿದಾಗ ಹೊರಗಿನ ಗಾಳಿ ಇನ್ನೊಂದು ಭಾಗಕ್ಕೆ ನುಗ್ಗಿ ನಮ್ಮ ಕಾಲಿನ ಜೊತೆ ತಾನೂ ಒತ್ತುತ್ತದೆ. ಪೆಟ್ರೋಲ್ ಇಂಜಿನ್ನಾದರೆ ಗಾಳಿ ಎಳೆಯುವ ಕೆಲಸ ಪುಕ್ಕಟೆ. ಡೀಸೆಲ್ ಇಂಜಿನ್ನಿಗೆ ಆ ಅಭ್ಯಾಸವಿಲ್ಲ. ಅದಕ್ಕೆಂದೇ ಆಲ್ಟರ್ನೇಟರಿನ ಬೆನ್ನಿಗೆ ಒಂದು ಪಂಪು ಅಂಟಿಸಬೇಕು. ಹಳೇ ಡೈನಮೋ ಹೋಗಿ ಪಂಪಿನ ಆಲ್ಟರ್ನೇಟರ್ ಬಂತು. ‘ಇನ್ಮೇಲೆ ಇಳಿಜಾರಿನಲ್ಲಿ ಡೀಸೆಲ್ ಉಳಿಸ್ತೇನೆ ಅಂತ ಇಂಜಿನ್ ಬಂದ್ ಮಾಡ್ಬೇಡಿ. ಇಂಜಿನ್ ನಿಂತ್ರೆ ಒಂದೆರಡು ಸಲ ಒತ್ತೋವರೆಗೆ ಬೂಸ್ಟರ್. ಆಮೇಲೆ ಪೆಡಲ್ ಕಲ್ಲು’ ಎಂದು ಮೇಸ್ತ್ರಿ ಎಚ್ಚರಿಸಿದ.

ಕೊನೆಯ ಕೆಲಸ ಏರ್ ತೆಗೆಯುವುದು. ಲೈನಿನೊಳಗೆ ಗುಳ್ಳೆ ಉಳಿದರೆ ಒತ್ತಿದ್ದೆಲ್ಲ ಗುಳ್ಳೆ ಕುಗ್ಗಿಸಲಿಕ್ಕೇ ಖರ್ಚು. ಶೆಡ್ಡಿನ ಹುಡುಗ ಹಿಂದಿನ ಚಕ್ರದ ಬಳಿ ಮಲಗಿ, ನಿಪ್ಪಲಿಗೆ ಸಣ್ಣ ಪೈಪು ಸಿಕ್ಕಿಸಿ, ಅದರ ತುದಿಯನ್ನು ಆಯಿಲ್ ಇದ್ದ ಬಾಟಲಿಯಲ್ಲಿ ಮುಳುಗಿಸಿ ಹಿಡಿದ. ಪೆಡಲಿಗೆ ಜನ ಬೇಕಿತ್ತು. ಮಾವ ತಾನಾಗಿಯೇ ಎದ್ದು ಡ್ರೈವರ್ ಸೀಟಿಗೆ ಹತ್ತಿದ. ಅಪ್ಪಯ್ಯ ಇರುವತನಕ ಅವನು ಆ ಸೀಟಿನಲ್ಲಿ ಕೂತವನಲ್ಲ.

‘ಹೊಡೀರಿ... ಹೊಡೀರಿ... ಹಾಂ, ಹಿಡ್ಕಳಿ!’ ಎಂದ ಹುಡುಗ. ಮಾವ ಹಿಡಿದ. ನಿಪ್ಪಲ್ ಸಡಿಲಿಸಿದಾಗ ಬಾಟಲಿಯಲ್ಲಿ ಬುಳುಬುಳು ಗುಳ್ಳೆ ಬಂತು. ಹುಡುಗ ನಿಪ್ಪಲ್ ಬಿಗಿಯುವ ಮೊದಲೇ ಮಾವ ಕಾಲು ತೆಗೆದ. ಪೈಪಿನಲ್ಲಿ ಉಳಿದಿದ್ದ ಗಾಳಿ ಮತ್ತೆ ಒಳಗೆ ಹೋಯಿತು. ‘ನಾನು ಬಿಡಿ ಅಂದ್ಮೇಲೆ ಬಿಡ್ಬೇಕು ಅಜ್ಜ!’ ಎಂದು ಹುಡುಗ ಗಾಡಿಯಡಿಯಿಂದ ಕೂಗಿದ. ಮತ್ತೆ ಹೊಡೆತ, ಮತ್ತೆ ಹಿಡಿತ, ಮತ್ತೆ ಅವಸರದ ಬಿಡುವು. ಜೀವಮಾನವಿಡೀ ಗಾಡಿ ನಿಲ್ಲುವ ಮೊದಲೇ ಹಾರಿದ ಕಾಲು ಅದು. ಪೆಡಲ್ ಮೇಲೆ ನಿಂತುಕೊಂಡಿರು ಎಂದರೆ ಎಲ್ಲಿ ಕೇಳುತ್ತದೆ? ಕಡೆಗೆ ಹುಡುಗನೇ ತಂತ್ರ ಬದಲಿಸಿ, ‘ಕೊಟ್ರಾ?’ ಎಂದು ಕೇಳತೊಡಗಿದ. ‘ಕೊಟ್ಟೆ’ ಎಂದ ಮಾವ. ಅಷ್ಟು ಹೇಳಿದ ಮೇಲೆ ಅವನ ಕಾಲು ಕದಲಲಿಲ್ಲ. ನಾಲ್ಕೂ ಚಕ್ರ ಸುಸೂತ್ರವಾಗಿ ಮುಗಿಯಿತು.

ಮೇಸ್ತ್ರಿ ಇಂಜಿನ್ ನಿಲ್ಲಿಸಿಯೇ ಪೆಡಲನ್ನು ಒತ್ತಿ ಒತ್ತಿ ಬಿಗಿ ಮಾಡಿ, ನನ್ನ ಕಾಲನ್ನು ಅದರ ಮೇಲೆ ಇಡಿಸಿ, ಚಾವಿ ತಿರುಗಿಸಿದ. ಇಂಜಿನ್ ಹತ್ತಿಕೊಂಡಿದ್ದೇ ತಡ, ಪೆಡಲ್ ಮೆತ್ತಗೆ ಕೆಳಕ್ಕೆ ಸರಿಯಿತು. ಬೂಸ್ಟರ್ ಬದುಕಿದೆ ಎನ್ನುವುದಕ್ಕೆ ಅದೇ ಗುರುತಂತೆ. ಪಾದದಡಿಯಲ್ಲಿ ಯಾರೋ ‘ನೀವು ಬಿಡಿ, ನಾನು ನೋಡ್ಕೊಳ್ತೇನೆ’ ಎಂದಂತಾಯಿತು. ಗೇರುಪೆಟ್ಟಿಗೆಯ ಸೀಲನ್ನೂ ಅವನು ಬದಲಿಸಿದ್ದರಿಂದ ಹ್ಯಾಂಡ್ ಬ್ರೇಕ್ ಕೂಡ ಎಣ್ಣೆ ಸ್ನಾನ ಬಿಟ್ಟು ಹಿಡಿಯತೊಡಗಿತು. ಮಾವನ ಕೆಲಸ ಹೋಗಿದ್ದು ಡಿಸ್ಕಿನಿಂದಲ್ಲ, ಆ ಮೂರು ಕಾಸಿನ ಸೀಲಿನಿಂದ. ನ್ಯಾಯವಾಗಿ ಹೇಳಬೇಕಾದ ಮಾತು.

ಮುಂದಿನ ಸಲ ಬಾಳೆಗೊನೆ ಹೇರಿಕೊಂಡು ಘಾಟಿ ಇಳಿಯುವಾಗ ಮಾವ ಮುಂದಿನ ಸೀಟಿನಲ್ಲಿದ್ದ. ನಾನೇ ಕೂರಿಸಿದ್ದೆ. ಮತ್ತಿ ಮರದ ತುಂಡು ಅವನ ತೊಡೆಯ ಮೇಲಿತ್ತು. ಸೂರ್ಯಾಸ್ತ ನೋಡುವ ಕಟ್ಟೆಯ ಹತ್ತಿರ ಗಾಡಿ ನಿಲ್ಲಿಸಿದೆ. ಅವನ ಕಾಲು ಆಗಲೇ ಹೊರಗಿತ್ತು. ‘ಬೇಡ ಮಾವಾ, ನಿಲ್ತದೆ’ ಎಂದೆ. ಹಿಂದಿನ ಚಕ್ರವನ್ನು ಬಗ್ಗಿ ನೋಡಿದ. ನಿಂತಿತ್ತು. ಸ್ವಲ್ಪ ಹೊತ್ತು ಏನು ಮಾಡುವುದೆಂದು ತಿಳಿಯದೆ, ಪ್ರವಾಸಿಗಳೆಲ್ಲ ನೋಡುತ್ತಿದ್ದ ಕಡೆಗೆ ತಾನೂ ನೋಡಿದ. ಇಷ್ಟು ವರ್ಷ ಆ ಜಾಗದಲ್ಲಿ ಅವನು ನೋಡಿದ್ದು ಚಕ್ರವನ್ನು ಮಾತ್ರ.

‘ಎಂತ ಉಂಟಾ ಮಾಣಿ ಇಲ್ಲಿ ನೋಡೂಕೆ?’

‘ಸೂರ್ಯ ಮುಳುಗೋದು ಮಾವಾ. ಮೋಡ ಇಲ್ಲದಿದ್ರೆ ಸಮುದ್ರವೂ ಕಾಣ್ತದಂತೆ.’

‘ಅದು ದಿನಾ ಮುಳುಗೂದೇ ಅಲ್ವನಾ’ ಎಂದು ಹೇಳಿ ಗಾಡಿ ಹತ್ತಿ ಕೂತ.

ಅಲ್ಲಿಂದ ಕೆಳಗಿನ ತಿರುವೊಂದರಲ್ಲಿ ಆ ಫಜೀತಿಯಾಯಿತು. ಕೆಳಗಿನಿಂದ ಮಿನಿ ಬಸ್ಸು ಬರುತ್ತಿತ್ತು. ನಾನು ಹಾರನ್ ಹೊಡೆಯಲಿಲ್ಲ. ನಿಯಮದ ಪ್ರಕಾರ ಅಂಚಿಗೆ ಸರಿದು, ಪೆಡಲನ್ನು ಹಗುರಾಗಿ ಒತ್ತಿ, ಗಾಡಿಯನ್ನು ಹೂವಿನಂತೆ ನಿಲ್ಲಿಸಿದೆ. ಬಸ್ಸಿನವನು ನಮ್ಮ ಜೀಪು ಕಂಡಿದ್ದೇ ಹಳೇ ಅಭ್ಯಾಸದಂತೆ ದರೆಗೆ ಒತ್ತಿ ನಿಲ್ಲಿಸಿ ಕೈ ಬೀಸಿದ. ನಾನು ‘ನೀವು ಬನ್ನಿ’ ಎಂದು ಬೀಸಿದೆ. ಅವನು ‘ಇಲ್ಲ, ನೀವು’ ಎಂದು ಬೀಸಿದ. ಬಸ್ಸಿನ ಹಿಂದೆ ಕಾರುಗಳು ಸಾಲುಗಟ್ಟಿದವು. ನಾನು ಇಳಿಯದಿದ್ದುದನ್ನು ಕಂಡು ಗಾಬರಿಯಾಗಿ ಅವನೇ ಇಳಿದು ಓಡಿಬಂದ. ‘ಎಂತಾಯ್ತು ಭಟ್ರೇ? ಗೇರು ಸಿಕ್ಕಿಬಿತ್ತಾ? ಯಾಕೆ ನಿಂತಿರಿ?’

‘ಬ್ರೇಕ್ ಸರಿ ಮಾಡಿಸಿದ್ದೇನೆ’ ಎಂದೆ.

ಅವನು ಬಗ್ಗಿ ಮುಂದಿನ ಚಕ್ರದ ಸಂದಿಯಲ್ಲಿ ಹೊಳೆಯುವ ತಟ್ಟೆಯನ್ನು ನೋಡಿದ. ಖುಷಿಪಡುತ್ತಾನೆ ಎಂದುಕೊಂಡಿದ್ದೆ. ‘ಹೌದಾ, ಒಳ್ಳೇದಾಯ್ತು’ ಎಂದು ಬಾಯಿಮಾತಿಗೆ ಹೇಳಿ, ಮಾವನನ್ನು ಮಾತಾಡಿಸಿ, ತನ್ನ ಬಸ್ಸು ಹತ್ತಿ ಹೋದ. ಹೋಗುವಾಗ ಕೈ ಬೀಸಲಿಲ್ಲ. ನಿಂತ ಗಾಡಿಗೆ ಯಾರು ಕೈ ಬೀಸುತ್ತಾರೆ? ಆಮೇಲೆ ಸುದ್ದಿ ಘಾಟಿಯಿಡೀ ಹಬ್ಬಿತು. ಈಗ ಅವರೆಲ್ಲ ಎಲ್ಲರ ಗಾಡಿಯನ್ನು ಹಾಯುವಂತೆ ನಮ್ಮ ಗಾಡಿಯನ್ನೂ ಹಾಯ್ದು ಹೋಗುತ್ತಾರೆ. ಹೊಸ ಡ್ರೈವರುಗಳು ಡಿಮ್ ಕೂಡ ಮಾಡುವುದಿಲ್ಲ. ಅಪ್ಪಯ್ಯನ ಕಾಲದಲ್ಲಿ ನಮ್ಮ ಪಿಕಪ್ಪಿಗಿದ್ದ ಮಂತ್ರಿ ಪದವಿ ಒಂದು ಕ್ವಿಂಟಲ್ ಅಡಿಕೆಗೆ ಹೋಯಿತು.

ಈಗಿನ ಕಷ್ಟ ಬೇರೆ ದಿಕ್ಕಿನದು. ನಾವು ನಿಲ್ಲುತ್ತೇವೆ, ಹಿಂದಿನವರು ನಿಲ್ಲುವುದಿಲ್ಲ. ಮೊನ್ನೆ ಸಂತೆಯ ದಿನ ಒಬ್ಬ ಬೈಕಿನವನು ಬಂದು ತೊಟ್ಟಿಯ ತಗಡಿಗೆ ಮುಟ್ಟಿಸಿ, ‘ಈ ಜೀಪು ಹೀಗೆ ತಟಕ್ಕನೆ ನಿಲ್ತದೆ ಅಂತ ಯಾರಿಗೆ ಗೊತ್ತು!’ ಎಂದು ನಮಗೇ ಬೈದ. ಲಾರಿಗಳ ಹಿಂದೆ ಬರೆದಿರುತ್ತಾರಲ್ಲ, ಹಾಗೆ ನಮ್ಮದಕ್ಕೂ ‘ಪವರ್ ಬ್ರೇಕ್, ಅಂತರವಿರಲಿ’ ಎಂದು ಬರೆಸಿಬಿಡೋಣ ಎಂದು ಪೇಂಟರನ್ನು ಕರೆಸಿದೆ. ಅವನು ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಕ್ಷರ ಶುರು ಮಾಡುವಾಗ ಮಾವ ಬಂದು ಹಿಂದೊಮ್ಮೆ ಮುಂದೊಮ್ಮೆ ಗಾಡಿಗೆ ಸುತ್ತು ಹಾಕಿದ.

‘ಹಿಂದೆ ಬರೆದ್ರೆ ಎದುರಿಗೆ ಬರೋ ಬಸ್ಸಿನವರಿಗೆ ಹೆಂಗೆ ಗೊತ್ತಾಗೂದು?’

‘ಅವರಿಗೆ ಯಾಕೆ ಮಾವಾ ಗೊತ್ತಾಗ್ಬೇಕು? ನಾವೇ ನಿಲ್ಲಿಸ್ತೇವಲ್ಲ.’

‘ನಿಲ್ಲಿಸೂದು ಸರಿ. ಅವ್ರು ಮಾತಾಡ್ಸೂದು ಬೇಡ್ವಾ?’ ಎಂದವನೇ ಪೇಂಟರನ ಕಡೆ ತಿರುಗಿ, ‘ಮುಂದಿನ ಗಾಜಿನ ಮೇಲೆ ದೊಡ್ಡಕ್ಕೆ ಬರಿ ಮಾರಾಯ: ಬ್ರೇಕ್ ಅಷ್ಟಕ್ಕಷ್ಟೇ’ ಎಂದ. ಪೇಂಟರ್ ನನ್ನ ಮುಖ ನೋಡಿದ. ಅಕ್ಷರಕ್ಕೆ ಇಷ್ಟು ಎಂದು ಅವನ ರೇಟು; ಎರಡೂ ಬರೆಯಲು ಅವನದೇನೂ ತಕರಾರಿರಲಿಲ್ಲ.